ಐವರು ಸೇರಿ ಒಂದು ದೈತ್ಯ: ಮೂಡುಬಿದಿರೆಯ ಕಂಬದಿಂದ ಪಡುಬಿದ್ರಿಯ ಬಲೆಯವರೆಗೆ

ಪಡುಬಿದ್ರಿಯ ಕಡಲ ತಡಿಯಲ್ಲಿ ಕೈರಂಪಣಿ ಎಳೆಯುವುದನ್ನು ನೋಡಲು ನಿಂತಿದ್ದೆವು. ನಮ್ಮ ಪಕ್ಕದಲ್ಲಿದ್ದ ಒಬ್ಬ ಹುಡುಗನ ಕೈಯಲ್ಲಿ ಪ್ಲಾಸ್ಟಿಕ್ಕಿನ ರೋಬೋಟ್ ಇತ್ತು. ಐದು ಪುಟ್ಟ ವಾಹನಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಒಂದು ದೈತ್ಯನಾಗುವ ಆಟಿಕೆ ಅದು. ಅದರ ಒಂದು ಕಾಲು ಎಲ್ಲೋ ಕಳೆದುಹೋಗಿತ್ತು. "ಇದೊಂದು ಇಲ್ಲದಿದ್ದರೆ ನಿಲ್ಲುವುದೇ ಇಲ್ಲ" ಎಂದು ಆತ ದೂರಿದ. ಬಲೆಯ ಹಗ್ಗ ಸುತ್ತಿಡುತ್ತಿದ್ದ ಹಿರಿಯರೊಬ್ಬರು ನಕ್ಕು, "ಬಲೆಯೂ ಹಾಗೆಯೇ ಮಗಾ. ಒಂದು ತುಂಡು ಹರಿದಿದ್ದರೆ ಮೀನೆಲ್ಲ ಅದರಲ್ಲೇ ಹೋಗುತ್ತದೆ" ಎಂದರು.

ಹುಡುಗನಿಗೆ ಆ ಮಾತು ಎಷ್ಟು ಅರ್ಥವಾಯಿತೋ ತಿಳಿಯದು. ನಮಗೆ ಮಾತ್ರ ಅದು ಬಿಡದೆ ಕಾಡಿತು. ಹಲವರು ಸೇರಿ ಒಂದು ಬೃಹತ್ ಶರೀರವಾಗುವ ಕಲ್ಪನೆ ಟಿವಿಯ ಕಾರ್ಟೂನಿನಲ್ಲಿ ಹುಟ್ಟಿದ್ದಲ್ಲ. ಅದು ನಮ್ಮ ಜಿಲ್ಲೆಯ ಮರದ ಕಂಬಗಳಲ್ಲಿದೆ, ದಖ್ಖನ್ನಿನ ಚಿತ್ರಗಳಲ್ಲಿದೆ, ಪಾರಸಿ ಕಾವ್ಯದಲ್ಲಿದೆ, ಇಂಗ್ಲೆಂಡಿನ ರಾಜನೀತಿ ಗ್ರಂಥದ ಮುಖಪುಟದಲ್ಲಿಯೂ ಇದೆ. ಆದರೆ ಇವೆಲ್ಲ ಒಂದೇ ಬಗೆಯ ದೈತ್ಯರಲ್ಲ. ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ 'ಒಗ್ಗಟ್ಟು' ಎಂದು ನಾವು ಸಲೀಸಾಗಿ ಬಳಸುವ ಪದದೊಳಗೆ ಎಷ್ಟು ಬೇರೆಬೇರೆ ಅರ್ಥಗಳು ಅಡಗಿವೆ ಎಂಬುದು ಗೊತ್ತಾಗುತ್ತದೆ. ಆ ಪ್ರಯತ್ನವನ್ನು ಇಲ್ಲಿ ಮಾಡಿದ್ದೇವೆ.

ಜಪಾನಿನ ಜೋಡಣೆ

ಮೊದಲು ಹುಡುಗನ ಆಟಿಕೆಯ ವಂಶಾವಳಿಯನ್ನು ನೋಡೋಣ. ಜಪಾನಿನಲ್ಲಿ 1972ರಲ್ಲಿ ಬಂದ 'ಮಝಿಂಗರ್ ಝಡ್' ಧಾರಾವಾಹಿಯ ದೈತ್ಯ ರೋಬೋಟನ್ನು ಒಬ್ಬನೇ ಯುವಕ ಒಳಗೆ ಕುಳಿತು ನಡೆಸುತ್ತಿದ್ದ. 1974ರಲ್ಲಿ ಗೋ ನಾಗಾಯ್ ಮತ್ತು ಕೆನ್ ಇಶಿಕಾವಾ 'ಗೆಟ್ಟರ್ ರೋಬೋ' ಎಂಬ ಹೊಸ ಕಲ್ಪನೆಯನ್ನು ತಂದರು. ಮೂವರು ಯುವಕರ ಮೂರು ವಿಮಾನಗಳು ಆಕಾಶದಲ್ಲಿ ಒಂದಾಗಿ ಒಂದು ರೋಬೋಟ್ ಆಗುತ್ತವೆ. ಹೀಗೆ ಸೇರುವುದಕ್ಕೆ ಜಪಾನೀ ಭಾಷೆಯಲ್ಲಿ 'ಗತ್ತಾಯ್' ಎನ್ನುತ್ತಾರೆ. ಶರೀರಗಳು ಒಂದಾಗುವುದು ಎಂದು ಅದರ ಅರ್ಥ.

1976ರ 'ಕಂಬ್ಯಾಟ್ಲರ್ ವಿ'ಯಲ್ಲಿ ಐದು ವಾಹನಗಳು ಸೇರಿದವು. 1977ರಲ್ಲಿ 'ವೋಲ್ಟಿಸ್ ವಿ' ಬಂತು. 1981ರ 'ಗೋಲಯನ್' ಧಾರಾವಾಹಿಯ ಐದು ಸಿಂಹಗಳ ಕತೆಯನ್ನು ಅಮೆರಿಕದವರು 1984ರಲ್ಲಿ 'ವೋಲ್ಟ್ರಾನ್' ಎಂಬ ಹೆಸರಿನಲ್ಲಿ ತೋರಿಸಿದರು. ಮನುಷ್ಯರು ಬಣ್ಣದ ಉಡುಪು ತೊಟ್ಟು ನಟಿಸುವ 'ಸೂಪರ್ ಸೆಂಟಾಯ್' ಸರಣಿಗೂ 1981ರಲ್ಲಿ ಜೋಡಣೆಯ ರೋಬೋಟ್ ಬಂತು. ಅದೇ ಸರಣಿಯ 1992ರ ಕಂತುಗಳನ್ನು ಬಳಸಿಕೊಂಡು ಅಮೆರಿಕದಲ್ಲಿ 1993ರಲ್ಲಿ 'ಪವರ್ ರೇಂಜರ್ಸ್' ಶುರುವಾಯಿತು. 2000ದ ದಶಕದಲ್ಲಿ ಕೇಬಲ್ ಟಿವಿಯ ಮೂಲಕ ನಮ್ಮ ಹಳ್ಳಿಗಳ ಮಕ್ಕಳೂ ಅದನ್ನು ನೋಡಿ, ಅಂಗಳದಲ್ಲಿ ಕೆಂಪು, ನೀಲಿ, ಹಳದಿ ಎಂದು ಬಣ್ಣ ಹಂಚಿಕೊಂಡು ಆಡಿದರು.

ಇದರ ಹಿಂದೆ ವ್ಯಾಪಾರವೂ ಇತ್ತೆಂಬುದನ್ನು ಮರೆಯಬಾರದು. ಒಂದೇ ರೋಬೋಟಾದರೆ ಒಂದು ಆಟಿಕೆ ಮಾರಿ ಮುಗಿಯಿತು. ಐದು ತುಂಡುಗಳ ರೋಬೋಟಾದರೆ ಒಂದನ್ನು ಕೊಂಡ ಮಗು ಉಳಿದ ನಾಲ್ಕಕ್ಕೂ ಹಟ ಹಿಡಿಯುತ್ತದೆ. ಆದರೆ ವ್ಯಾಪಾರದ ಲೆಕ್ಕವೊಂದರಿಂದಲೇ ಒಂದು ಕತೆ ಐವತ್ತು ವರ್ಷ ಬಾಳುವುದಿಲ್ಲ. ಒಬ್ಬನಿಂದ ಆಗದ್ದು ಐವರಿಂದ ಆಗುತ್ತದೆ ಎಂಬ ಮಾತಿನಲ್ಲಿ ಮಕ್ಕಳು ತಮ್ಮದೇ ಏನನ್ನೋ ಕಂಡುಕೊಂಡಿರಬೇಕು.

ಫಿಲಿಪ್ಪೀನ್ಸಿನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 'ವೋಲ್ಟಿಸ್ ವಿ' ಧಾರಾವಾಹಿ ಅಲ್ಲಿ 1978ರಲ್ಲಿ ಪ್ರಸಾರವಾಗತೊಡಗಿ ಮನೆಮಾತಾಯಿತು. ಕೊಂಬುಳ್ಳವರು ಆಳುವ, ಕೊಂಬಿಲ್ಲದವರು ಗುಲಾಮರಾಗಿ ದುಡಿಯುವ ಒಂದು ಲೋಕದ ವಿರುದ್ಧದ ಹೋರಾಟ ಅದರ ಕತೆ. ಕೊನೆಯಲ್ಲಿ ಗುಲಾಮರು ದಂಗೆಯೇಳುತ್ತಾರೆ. ಆ ಕೊನೆಯ ಕಂತುಗಳು ಪ್ರಸಾರವಾಗುವ ಮುನ್ನವೇ, 1979ರಲ್ಲಿ, ಅಧ್ಯಕ್ಷ ಮಾರ್ಕೋಸ್ ಅದನ್ನು ನಿಲ್ಲಿಸಿದರು. ಹಿಂಸೆ ಅತಿಯಾಗಿದೆ ಎಂಬುದು ಸರಕಾರ ಕೊಟ್ಟ ಕಾರಣ. ದಂಗೆಯ ಕತೆಗೆ ಸರ್ವಾಧಿಕಾರಿ ಹೆದರಿದ ಎಂದು ಜನ ನಂಬಿದರು. ಕತೆಯ ಮುಕ್ತಾಯವನ್ನು ನೋಡದೆ ಬೆಳೆದ ಆ ಮಕ್ಕಳು ದೊಡ್ಡವರಾಗುವ ಹೊತ್ತಿಗೆ, 1986ರಲ್ಲಿ, ಜನ ಬೀದಿಗಿಳಿದು ಮಾರ್ಕೋಸರನ್ನು ದೇಶ ಬಿಡಿಸಿದರು. 2023ರಲ್ಲಿ ಅದೇ ಕತೆಯನ್ನು ಫಿಲಿಪ್ಪೀನ್ಸಿನವರೇ ತಮ್ಮ ನಟರಿಂದ ಆಡಿಸಿ ಹೊಸ ಧಾರಾವಾಹಿ ಮಾಡಿದರು. ಮಕ್ಕಳ ಆಟ ಎಂದು ಯಾವುದನ್ನೂ ತಳ್ಳಿಹಾಕುವಂತಿಲ್ಲ.

ಮೂರು ಪ್ರಶ್ನೆಗಳು

ಈ ರೋಬೋಟ್‌ಗಳನ್ನು ಹೋಲಿಸುವಾಗ ಮಕ್ಕಳು ಕೇಳುವ ಪ್ರಶ್ನೆ ಒಂದೇ: ಯಾವುದು ಹೆಚ್ಚು ಬಲಶಾಲಿ? ನಾವು ಬೇರೆ ಮೂರು ಪ್ರಶ್ನೆಗಳನ್ನು ಕೇಳಬಯಸುತ್ತೇವೆ. ತಲೆ ಯಾರದು? ಸೇರಿದವರು ಏನನ್ನು ಕಳೆದುಕೊಳ್ಳುತ್ತಾರೆ? ಕೆಲಸ ಮುಗಿದ ಮೇಲೆ ಬಿಡಿಸಿಕೊಳ್ಳಲು ಸಾಧ್ಯವೇ?

ವೋಲ್ಟ್ರಾನಿನಲ್ಲಿ ಕಪ್ಪು ಸಿಂಹ ತಲೆ ಮತ್ತು ಒಡಲು. ಕೆಂಪು ಮತ್ತು ಹಸಿರು ಸಿಂಹಗಳು ತೋಳುಗಳು. ನೀಲಿ ಮತ್ತು ಹಳದಿ ಸಿಂಹಗಳು ಕಾಲುಗಳು. ಈ ಸ್ಥಾನಗಳು ನಿಶ್ಚಿತ. ಕಾಲಾದವನು ಎಂದೂ ಕಾಲೇ. ಇದಕ್ಕಿಂತ ಹತ್ತು ವರ್ಷ ಹಿರಿಯದಾದ ಗೆಟ್ಟರ್ ರೋಬೋದಲ್ಲಿ ಹಾಗಿಲ್ಲ. ಅಲ್ಲಿ ಮೂರು ವಿಮಾನಗಳು ಸೇರುವ ಕ್ರಮ ಬದಲಾದರೆ ರೋಬೋಟೇ ಬದಲಾಗುತ್ತದೆ. ಆಕಾಶದ ಕಾಳಗಕ್ಕೆ ಒಬ್ಬ, ನೆಲದ ಕಾಳಗಕ್ಕೆ ಇನ್ನೊಬ್ಬ, ನೀರಿನ ಕಾಳಗಕ್ಕೆ ಮತ್ತೊಬ್ಬ ಮುಂದಾಳು. ಕೆಲಸಕ್ಕೆ ತಕ್ಕಂತೆ ತಲೆ ಬದಲಾಗುತ್ತದೆ, ನಿನ್ನೆ ತಲೆಯಾಗಿದ್ದವನು ಇಂದು ಕಾಲಾಗಲು ಒಪ್ಪುತ್ತಾನೆ. ಬಲದಲ್ಲಿ ಯಾವುದು ಮೇಲೋ, ನ್ಯಾಯದಲ್ಲಿ ಗೆಟ್ಟರ್ ಮೇಲೆಂದು ನಮಗನಿಸುತ್ತದೆ.

ಎರಡನೆಯ ಪ್ರಶ್ನೆಗೆ 'ಟ್ರಾನ್ಸ್‌ಫಾರ್ಮರ್ಸ್' ಕತೆಯ 'ಡಿವಾಸ್ಟೇಟರ್' ಒಳ್ಳೆಯ ಉದಾಹರಣೆ. ಬುಲ್ಡೋಜರ್, ಕ್ರೇನ್, ಟಿಪ್ಪರ್, ಕಾಂಕ್ರೀಟ್ ಕಲಸುವ ಲಾರಿ ಮುಂತಾದ ಆರು ಯಂತ್ರಗಳು ಸೇರಿ ಆಗುವ ರೋಬೋಟ್ ಅದು. ಅದರ ಬಲ ಅಪಾರ, ಬುದ್ಧಿ ಮಾತ್ರ ಮಂದ. ಕಾರಣವೂ ಕತೆಯಲ್ಲೇ ಇದೆ: ಆರೂ ಮಂದಿ ಒಪ್ಪಿದ್ದನ್ನು ಮಾತ್ರ ಅದು ಯೋಚಿಸಬಲ್ಲದು. ಆರು ಜನರಿಗೂ ಸಮ್ಮತವಾಗುವುದು ಒಡೆಯುವುದು ಮತ್ತು ಕೆಡವುವುದು ಮಾತ್ರ. ಗುಂಪಿನಲ್ಲಿ ಸೇರಿದ ಮನುಷ್ಯ ತಾನು ಒಬ್ಬನೇ ಇದ್ದಾಗ ಮಾಡದ ಕೆಲಸವನ್ನು ಮಾಡುವುದನ್ನು ಗಲಭೆಗಳಲ್ಲಿ ಕಂಡವರಿಗೆ ಈ ರೋಬೋಟ್ ಅಪರಿಚಿತವಲ್ಲ. ಸೇರುವುದೇ ಒಳ್ಳೆಯದು ಎನ್ನುವಂತಿಲ್ಲ. ಏತಕ್ಕಾಗಿ, ಹೇಗೆ ಸೇರಿದರು ಎಂಬುದು ಮುಖ್ಯ.

ಮೂರನೆಯ ಪ್ರಶ್ನೆಗೆ ಈ ಕತೆಗಳೆಲ್ಲ ಒಂದೇ ಉತ್ತರ ಕೊಡುತ್ತವೆ. ಕಾಳಗ ಮುಗಿದ ಮೇಲೆ ಎಲ್ಲರೂ ಬಿಡಿಸಿಕೊಂಡು ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಇದು ಸಣ್ಣ ವಿಷಯವೆಂದು ತೋರಬಹುದು. ಮುಂದೆ ಹಳೆಯ ದೈತ್ಯರನ್ನು ನೋಡುವಾಗ ಇದರ ಬೆಲೆ ತಿಳಿಯುತ್ತದೆ.

ಮೂಡಣ ಬಿದಿರು, ಪಡುವಣ ಬಿದಿರು

ಪಡುಬಿದ್ರಿ ಎಂದರೆ ಪಡುವಣದ ಬಿದಿರೆ. ಮೂಡಣದ ಬಿದಿರೆ ಮೂಡುಬಿದಿರೆ. ಪಡುಬಿದ್ರಿಯಲ್ಲಿ ರಾಷ್ಟ್ರೀಯ ಹೆದ್ದಾರಿ ಬಿಟ್ಟು ಬೆಳ್ಮಣ್ ಮಾರ್ಗವಾಗಿ ಪೂರ್ವಕ್ಕೆ ಹೋದರೆ ಕಾರ್ಕಳ ಸಿಗುತ್ತದೆ. ಅಲ್ಲಿ 1432ರಲ್ಲಿ ಭೈರವ ಅರಸು ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟನಿದ್ದಾನೆ. ಅವನು ಒಂದೇ ಬಂಡೆಯ ದೈತ್ಯ, ಎಲ್ಲಿಯೂ ಜೋಡಣೆಯಿಲ್ಲ. ಆದರೆ ಆ ಬಂಡೆಯನ್ನು ಬಂಡಿಗೆ ಹೇರಿ ಗುಡ್ಡದ ಮೇಲಕ್ಕೆ ಎಳೆದ ಕೈಗಳು ಅಸಂಖ್ಯ. ಒಂದೇ ಕಲ್ಲಿನ ಹಿಂದೆಯೂ ಸಾವಿರ ಮಂದಿ ಸೇರಿರುತ್ತಾರೆ. ಅವರು ವಿಗ್ರಹದಲ್ಲಿ ಕಾಣಿಸುವುದಿಲ್ಲ ಅಷ್ಟೆ.

ಕಾರ್ಕಳದಿಂದ ದಕ್ಷಿಣಕ್ಕೆ ಹೋದರೆ ಮೂಡುಬಿದಿರೆ. ಅಲ್ಲಿನ ಚೌಟರ ಅರಮನೆಯ ಮರದ ಕಂಬಗಳಲ್ಲಿ ಸೇರಿದವರು ಕಾಣಿಸುತ್ತಾರೆ. ಒಂದು ಕೆತ್ತನೆಯ ಹೆಸರು 'ಪಂಚನಾರಿ ತುರಗ'. ಐವರು ಸ್ತ್ರೀಯರು ಬಾಗಿ, ಬಳುಕಿ, ಒಬ್ಬರಿಗೊಬ್ಬರು ಹೆಣೆದುಕೊಂಡು ಒಂದು ಕುದುರೆಯಾಗಿದ್ದಾರೆ. ಇನ್ನೊಂದು 'ನವನಾರಿ ಕುಂಜರ'. ಒಂಬತ್ತು ಸ್ತ್ರೀಯರು ಸೇರಿ ಆನೆ. ದೂರದಿಂದ ಪ್ರಾಣಿ, ಹತ್ತಿರ ಹೋದರೆ ಮನುಷ್ಯರು. ಜಪಾನಿನ ಐದು ವಾಹನಗಳಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ನಮ್ಮ ಬಡಗಿಯೊಬ್ಬ ಐವರನ್ನು ಜೋಡಿಸಿಯಾಗಿತ್ತು.

ಈ ಕಲ್ಪನೆ ತುಳುನಾಡಿಗೆ ಮಾತ್ರ ಸೇರಿದ್ದಲ್ಲ. ಮೊಘಲರ ಮತ್ತು ದಖ್ಖನ್ನಿನ ಸುಲ್ತಾನರ ಕಾಲದ ಚಿತ್ರಕಾರರು ಹುಲಿ, ಜಿಂಕೆ, ಮೊಲ, ಮೀನು, ಮನುಷ್ಯರನ್ನೆಲ್ಲ ಹೆಣೆದು ಆನೆ, ಒಂಟೆ, ಕುದುರೆಗಳನ್ನು ಬರೆದಿದ್ದಾರೆ. ರಾಜಸ್ಥಾನದ ಚಿತ್ರಗಳಲ್ಲಿ ನಾರಿಯರ ಆನೆಯ ಮೇಲೆ ಕೃಷ್ಣ ಕುಳಿತಿರುತ್ತಾನೆ. ಜೈನ ಅರಸರ ಅರಮನೆ, ಮುಸ್ಲಿಂ ಸುಲ್ತಾನರ ಚಿತ್ರಶಾಲೆ, ವೈಷ್ಣವ ಭಕ್ತರ ಪಟ ಎಲ್ಲದರಲ್ಲಿಯೂ ಒಂದೇ ಕಲ್ಪನೆ ಓಡಾಡಿದೆ. ಕಲೆಗೆ ಗಡಿ ಹಾಕುವವರು ಇದನ್ನು ಗಮನಿಸಬೇಕು.

ಆದರೆ ಇಲ್ಲಿ ನಮ್ಮ ಪ್ರಶ್ನೆಗಳನ್ನು ಕೇಳಿದರೆ ಬರುವ ಉತ್ತರ ಸುಖಕರವಲ್ಲ. ಈ ಆನೆ, ಕುದುರೆಗಳೆಲ್ಲ ಸವಾರಿಗಾಗಿ ಇರುವ ಪ್ರಾಣಿಗಳು. ಬೆನ್ನ ಮೇಲೆ ದೇವರೋ ಅರಸನೋ ಇನ್ಯಾರೋ ಕುಳಿತುಕೊಳ್ಳುತ್ತಾರೆ. ಸೇರಿದವರು ಹೊರುವವರು, ನಡೆಸುವವನು ಬೇರೆ. ರೋಬೋಟಿನ ಕತೆಯಲ್ಲಿಯಾದರೋ ಶರೀರವಾದವರೇ ಅದನ್ನು ನಡೆಸುವವರು. ಕಂಬದ ಕುದುರೆಗೂ ಹುಡುಗನ ಆಟಿಕೆಗೂ ಇರುವ ದೊಡ್ಡ ಅಂತರ ಇದೇ. ಕಂಬದಲ್ಲಿ ಹೆಣೆದುಕೊಂಡ ಐವರು ಸ್ತ್ರೀಯರು ಬಿಡಿಸಿಕೊಂಡು ಮನೆಗೆ ಹೋಗುವಂತೆಯೂ ಇಲ್ಲ.

ತಲೆಯ ರಾಜಕೀಯ

ಈ ಅಂತರವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುವ ಚಿತ್ರವೊಂದು 1651ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಥಾಮಸ್ ಹಾಬ್ಸ್ ಬರೆದ 'ಲೆವಯಾಥನ್' ಗ್ರಂಥದ ಮುಖಚಿತ್ರದಲ್ಲಿ ಬೆಟ್ಟದ ಹಿಂದಿನಿಂದ ಎದ್ದುನಿಂತ ಒಬ್ಬ ದೈತ್ಯ ಅರಸನಿದ್ದಾನೆ. ಅವನ ಎದೆ, ತೋಳುಗಳು ಮುನ್ನೂರಕ್ಕೂ ಹೆಚ್ಚು ಪುಟ್ಟ ಮನುಷ್ಯರಿಂದ ಆಗಿವೆ. ಎಲ್ಲರೂ ನಮಗೆ ಬೆನ್ನು ಹಾಕಿ ಅರಸನ ಮುಖವನ್ನೇ ನೋಡುತ್ತಿದ್ದಾರೆ. ತಲೆ ಮಾತ್ರ ಜನರಿಂದ ಆಗಿಲ್ಲ, ಅದು ಅರಸನದೇ. ಅಂತರ್ಯುದ್ಧದಿಂದ ನಲುಗಿದ ದೇಶದಲ್ಲಿ ಹಾಬ್ಸ್ ಶಾಂತಿಯನ್ನು ಬಯಸಿದ್ದ. ಜನ ತಮ್ಮ ಹಕ್ಕನ್ನು ಒಬ್ಬ ಪ್ರಭುವಿಗೆ ಒಪ್ಪಿಸಿ ಒಂದೇ ಶರೀರವಾದರೆ ಮಾತ್ರ ಕಾದಾಟ ನಿಲ್ಲುತ್ತದೆ ಎಂಬುದು ಅವನ ವಾದ. ಶಾಂತಿಗೆ ಅವನು ಕೇಳಿದ ಬೆಲೆ ತಲೆ.

ನಮ್ಮ ದೇಶದಲ್ಲಿ ಇದಕ್ಕಿಂತಲೂ ಹಳೆಯ ಶರೀರವೊಂದಿದೆ. ಋಗ್ವೇದದ ಪುರುಷಸೂಕ್ತದಲ್ಲಿ ಬಾಯಿ, ತೋಳು, ತೊಡೆ, ಪಾದಗಳಿಗೆ ನಾಲ್ಕು ವರ್ಣಗಳನ್ನು ಹೊಂದಿಸಲಾಗಿದೆ. ಸಮಾಜ ಒಂದೇ ಶರೀರ ಎಂಬ ಮಾತು ಕೇಳಲು ಚೆಂದ. ಆದರೆ ಪಾದವಾದವನು ತಲೆತಲಾಂತರಕ್ಕೂ ಪಾದವಾಗಿಯೇ ಇರಬೇಕೆ ಎಂಬ ಪ್ರಶ್ನೆಯನ್ನು ಕೇಳುವವರು ಬೇಕಿತ್ತು. ಡಾ. ಅಂಬೇಡ್ಕರ್ 1946ರಲ್ಲಿ ಪ್ರಕಟಿಸಿದ, ಶೂದ್ರರು ಯಾರಾಗಿದ್ದರು ಎಂದು ವಿಚಾರಿಸುವ ತಮ್ಮ ಗ್ರಂಥವನ್ನು ಈ ಸೂಕ್ತದ ವಿಮರ್ಶೆಯಿಂದಲೇ ಆರಂಭಿಸಿದ್ದು ಆಕಸ್ಮಿಕವಲ್ಲ. 1258ರಲ್ಲಿ ಶೀರಾಝಿನ ಸಾದಿ ತನ್ನ 'ಗುಲಿಸ್ತಾನ್'ನಲ್ಲಿ ಆದಮನ ಮಕ್ಕಳೆಲ್ಲ ಒಂದೇ ಶರೀರದ ಅಂಗಗಳು ಎಂದಾಗ ಯಾರು ತಲೆ, ಯಾರು ಕಾಲು ಎಂದು ಹಂಚಲಿಲ್ಲ. ಒಂದು ಅಂಗ ನೊಂದರೆ ಉಳಿದವಕ್ಕೆ ನೆಮ್ಮದಿಯಿಲ್ಲ ಎಂಬುದಷ್ಟೇ ಅವನ ಮಾತಿನ ಸಾರ. ಒಂದೇ ರೂಪಕದಿಂದ ಶ್ರೇಣಿಯನ್ನೂ ಕಟ್ಟಬಹುದು, ಅನುಕಂಪವನ್ನೂ ಕಟ್ಟಬಹುದು.

ಇಲ್ಲೇ ಪಂಚತಂತ್ರದ ಭಾರುಂಡ ಪಕ್ಷಿಯನ್ನೂ ನೆನೆಯಬೇಕು. ಒಂದೇ ಹೊಟ್ಟೆ, ಎರಡು ತಲೆ. ಒಂದು ತಲೆಗೆ ಸಿಹಿ ಹಣ್ಣು ಸಿಕ್ಕಿತು, ಇನ್ನೊಂದಕ್ಕೆ ಪಾಲು ಕೊಡಲಿಲ್ಲ. ಸಿಟ್ಟಾದ ಇನ್ನೊಂದು ತಲೆ ವಿಷದ ಹಣ್ಣನ್ನು ತಿಂದಿತು. ಸತ್ತದ್ದು ಎರಡೂ. ಎರಡು ತಲೆಯ ಗಂಡಭೇರುಂಡ ಕರ್ನಾಟಕದ ರಾಜ್ಯಲಾಂಛನ. ಸರಕಾರದ ಪ್ರತಿ ಕಾಗದದ ಮೇಲೆಯೂ ಇರುವ ಆ ಹಕ್ಕಿಯನ್ನು ಕಂಡಾಗಲೆಲ್ಲ ಹಂಚಿ ತಿನ್ನದ ತಲೆಯ ಕತೆ ನಮಗೆ ನೆನಪಾಗುತ್ತದೆ.

ಪಾರಿವಾಳಗಳೂ ಮೂವತ್ತು ಹಕ್ಕಿಗಳೂ

ಪಂಚತಂತ್ರದಲ್ಲಿಯೇ ಇನ್ನೊಂದು ಕತೆಯಿದೆ. ಶಾಲೆಯ ಪಾಠದಲ್ಲಿ ಅದನ್ನು ಓದದವರು ವಿರಳ. ಬೇಡನ ಬಲೆಗೆ ಬಿದ್ದ ಪಾರಿವಾಳಗಳು ಒಂದೊಂದಾಗಿ ಒದ್ದಾಡಿದಾಗ ಬಲೆ ಬಿಗಿಯಿತು. ಎಲ್ಲವೂ ಒಟ್ಟಿಗೆ ರೆಕ್ಕೆ ಬಡಿದಾಗ ಬಲೆಯೇ ಮೇಲೆದ್ದಿತು. ನಾವು ಮರೆಯುವುದು ಕತೆಯ ಉತ್ತರಾರ್ಧವನ್ನು. ಪಾರಿವಾಳಗಳು ಇಲಿಯ ಬಿಲದ ಬಳಿ ಇಳಿದಾಗ ಗೆಳೆಯನಾದ ಇಲಿ ಮೊದಲು ಪಾರಿವಾಳಗಳ ರಾಜನ ಕಟ್ಟನ್ನು ಕಡಿಯಲು ಬರುತ್ತದೆ. ರಾಜ ಒಪ್ಪುವುದಿಲ್ಲ. ನನ್ನವರ ಕಟ್ಟು ಮೊದಲು ಬಿಡಿಸು, ನನ್ನದು ಕೊನೆಗೆ ಎನ್ನುತ್ತದೆ. ತಲೆಯಾದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಈ ಕತೆ ಪಹ್ಲವಿಗೆ ಹೋಗಿ, ಎಂಟನೆಯ ಶತಮಾನದಲ್ಲಿ ಇಬ್ನುಲ್ ಮುಖಫ್ಫಾ ಅವರ ಲೇಖನಿಯಿಂದ 'ಕಲೀಲ ವ ದಿಮ್ನ' ಎಂಬ ಹೆಸರಿನಲ್ಲಿ ಅರಬಿಗೆ ಬಂತು. ಅಲ್ಲಿ ಪಾರಿವಾಳದ ಅಧ್ಯಾಯ 'ಇಖ್ವಾನುಸ್ಸಫಾ', ಅಂದರೆ ನಿರ್ಮಲ ಹೃದಯದ ಸಹೋದರರು, ಎಂಬ ಮಾತಿನೊಂದಿಗೆ ತೆರೆದುಕೊಳ್ಳುತ್ತದೆ. ಹತ್ತನೆಯ ಶತಮಾನದಲ್ಲಿ ಬಸ್ರಾದ ವಿದ್ವಾಂಸರ ಗುಂಪೊಂದು ಇದೇ ಹೆಸರಿನಲ್ಲಿ ಗಣಿತ, ಸಂಗೀತ, ಖಗೋಳ, ತತ್ತ್ವಶಾಸ್ತ್ರಗಳ ಕುರಿತು ಪ್ರಬಂಧಮಾಲೆಯನ್ನು ಬರೆಯಿತು. ಬರೆದವರು ತಮ್ಮ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಅವರು ತಮ್ಮ ಹೆಸರನ್ನು ಆ ಪಾರಿವಾಳದ ಕತೆಯಿಂದಲೇ ತೆಗೆದುಕೊಂಡರೆಂದು ವಿದ್ವಾಂಸ ಗೋಲ್ಡ್‌ಝಿಹರ್ ಅಭಿಪ್ರಾಯಪಟ್ಟಿದ್ದಾರೆ. ಭಾರತದ ಪಾರಿವಾಳ ಬಸ್ರಾದ ವಿದ್ವಾಂಸರಿಗೆ ಹೆಸರಿಟ್ಟಿತೆಂದರೆ ನಾಗರಿಕತೆಗಳು ಪರಸ್ಪರ ಎಷ್ಟು ಕೊಟ್ಟು ಪಡೆದುಕೊಂಡಿವೆ ಎಂಬುದನ್ನು ಊಹಿಸಬಹುದು.

ಹನ್ನೆರಡನೆಯ ಶತಮಾನದಲ್ಲಿ ನಿಶಾಪುರದ ಫರೀದುದ್ದೀನ್ ಅತ್ತಾರ್ 'ಮಂತಿಖುತ್ತೈರ್' ಕಾವ್ಯದಲ್ಲಿ ಈ ಕಲ್ಪನೆಯನ್ನು ಇನ್ನೊಂದು ಎತ್ತರಕ್ಕೆ ಒಯ್ದ. ಹಕ್ಕಿಗಳು ತಮ್ಮ ಅರಸನಾದ ಸೀಮುರ್ಗನನ್ನು ಹುಡುಕಿ ಹೊರಡುತ್ತವೆ. ಹುದ್‌ಹುದ್ ಪಕ್ಷಿ ಅವಕ್ಕೆ ದಾರಿ ತೋರುತ್ತದೆ. ಏಳು ಕಣಿವೆಗಳನ್ನು ದಾಟುವಾಗ ಎಷ್ಟೋ ಹಕ್ಕಿಗಳು ನೆಪ ಹೇಳಿ ಉಳಿಯುತ್ತವೆ, ಎಷ್ಟೋ ಸಾಯುತ್ತವೆ. ಕೊನೆಗೆ ತಲುಪುವುದು ಮೂವತ್ತು. ಪಾರಸಿಯಲ್ಲಿ 'ಸೀ' ಎಂದರೆ ಮೂವತ್ತು, 'ಮುರ್ಗ್' ಎಂದರೆ ಹಕ್ಕಿ. ಅರಸನನ್ನು ನೋಡಲು ಹೋದವಕ್ಕೆ ಅಲ್ಲಿ ಕಾಣುವುದು ತಮ್ಮದೇ ಮುಖಗಳು. ಸೂಫಿಗಳು ಇದರಲ್ಲಿ ಆತ್ಮದ ಅರ್ಥವನ್ನು ಓದುತ್ತಾರೆ. ನಮ್ಮ ಇಂದಿನ ವಿಷಯಕ್ಕೆ ಬೇಕಾದ ಅರ್ಥವೂ ಅದರಲ್ಲಿದೆ: ಸೀಮುರ್ಗನಿಗೆ ಸವಾರನಿಲ್ಲ, ಬೇರೆ ತಲೆಯಿಲ್ಲ. ಹಾಬ್ಸನ ದೈತ್ಯನಲ್ಲಿ ಮುನ್ನೂರು ಮಂದಿ ಅರಸನ ಮುಖ ನೋಡುತ್ತಾರೆ, ಇಲ್ಲಿ ಮೂವತ್ತು ಹಕ್ಕಿಗಳು ತಮ್ಮ ಮುಖವನ್ನೇ ಕಾಣುತ್ತವೆ.

ಪಡುಬಿದ್ರಿಯ ದೈತ್ಯ

ಈಗ ಕಡಲ ತಡಿಗೆ ಮರಳೋಣ. ಕರ್ನಾಟಕದ ಕರಾವಳಿಯಲ್ಲಿ ರಂಪಣಿ ಎಂಬ ಬಲೆ ಇತ್ತು. ಅದು ಕತೆಯ ದೈತ್ಯನಲ್ಲ, ನಿಜವಾದ ದೈತ್ಯ. ದೊಡ್ಡ ರಂಪಣಿಯ ಉದ್ದ ಒಂದು ಕಿಲೋಮೀಟರನ್ನು ಮುಟ್ಟುತ್ತಿತ್ತು. ಅಷ್ಟು ದೊಡ್ಡ ಬಲೆಯನ್ನು ಕೊಳ್ಳುವ ಶಕ್ತಿ ಒಬ್ಬ ಬಡ ಮೀನುಗಾರನಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಪಾಲುದಾರರು ತಮ್ಮ ತಮ್ಮ ಪಾಲಿನ ತುಂಡು ಬಲೆಗಳನ್ನು ತರುತ್ತಿದ್ದರು. ನೂರಾರು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಒಂದು ರಂಪಣಿ ಮಾಡುತ್ತಿದ್ದರು. ಜಪಾನಿನವರು ಗತ್ತಾಯ್ ಎಂದದ್ದು ಇದನ್ನೇ ಅಲ್ಲವೆ?

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಬಂಗುಡೆ, ಬೂತಾಯಿಗಳ ಹಿಂಡು ದಡದ ಸಮೀಪಕ್ಕೆ ಬರುತ್ತದೆ. ಆಗ ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೋಣಿ ಅರ್ಧಚಂದ್ರಾಕಾರವಾಗಿ ಕಡಲನ್ನು ಸುತ್ತಿ, ಇನ್ನೊಂದು ತುದಿಯನ್ನು ದೂರದ ದಡಕ್ಕೆ ತರುತ್ತದೆ. ಎರಡು ತುದಿಗಳಲ್ಲಿ ಎರಡು ಸಾಲು ನಿಂತು ಗಂಟೆಗಟ್ಟಲೆ ಎಳೆಯಬೇಕು. ದೊಡ್ಡ ರಂಪಣಿಗೆ ನೂರರ ಆಸುಪಾಸು ಜನ ಬೇಕಾಗುತ್ತಿತ್ತು. ಎರಡು ಸಾಲುಗಳ ವೇಗ ಹೊಂದದಿದ್ದರೆ ಬಲೆ ವಾಲುತ್ತದೆ, ಮೀನು ತಪ್ಪಿಸಿಕೊಳ್ಳುತ್ತದೆ. ಎಷ್ಟೋ ಸಲ ಮೀನು ಒಂದೇ ದಿನದಲ್ಲಿ ಎಳೆಯಲಾಗದಷ್ಟಿದ್ದು, ಬಲೆಯೊಳಗೇ ಕೂಡಿಟ್ಟು ದಿನಗಳ ಕಾಲ ಸ್ವಲ್ಪ ಸ್ವಲ್ಪವೇ ತೆಗೆಯುವುದಿತ್ತು.

ನಮ್ಮ ಮೂರು ಪ್ರಶ್ನೆಗಳನ್ನು ಈ ದೈತ್ಯನಿಗೂ ಕೇಳೋಣ. ತಲೆ ಯಾರದು? ದೋಣಿಯ ಮೇಲೆ ತಾಂಡೇಲನ ಮಾತು ನಡೆಯುತ್ತದೆ. ಆದರೆ ಅವನು ಸವಾರನಲ್ಲ, ಅವನ ಕೈಯೂ ಹಗ್ಗದ ಮೇಲೆಯೇ ಇರುತ್ತದೆ. ಸೇರಿದವರು ಏನನ್ನು ಕಳೆದುಕೊಂಡರು? ತಮ್ಮ ತುಂಡು ಬಲೆಯನ್ನು ಸೇರಿಸಿದ್ದೇ ಹೊರತು ಬಿಟ್ಟುಕೊಡಲಿಲ್ಲ. ಬಂದ ಮೀನಿನಲ್ಲಿ ಬಲೆಗೂ ದುಡಿಮೆಗೂ ಪಾಲಿತ್ತು. ಬಿಡಿಸಿಕೊಳ್ಳಲು ಸಾಧ್ಯವೇ? ಜೋಡಿಸಿದ್ದನ್ನು ಬಿಚ್ಚಬಹುದಿತ್ತು. ಬಿಚ್ಚಬಹುದೆಂಬ ಕಾರಣಕ್ಕೇ ಜನ ಭಯವಿಲ್ಲದೆ ಸೇರುತ್ತಿದ್ದರು.

ಈ ದೈತ್ಯ ಮೊಗವೀರರ ಕೈಯಲ್ಲಿ ಎದ್ದು ನಿಂತರೂ ಅದರ ನೆರಳು ಅವರಾಚೆಗೂ ಚಾಚಿತ್ತು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮುಟ್ಟಿಸುವ ಮೊಗವೀರ ಹೆಂಗಸರು, ಮೀನು ಕೊಂಡು ಪೇಟೆಗೆ ಸಾಗಿಸುವ ಬ್ಯಾರಿ ವ್ಯಾಪಾರಿಗಳು, ತೆಂಗಿನ ಬುಡಕ್ಕೆ ಬೂತಾಯಿ ಗೊಬ್ಬರ ಹಾಕುವ ಕೃಷಿಕರು ಎಲ್ಲರ ಒಲೆಯೂ ಅದೇ ಬಲೆಯಿಂದ ಉರಿಯುತ್ತಿತ್ತು. ಯಾರೂ ಇದನ್ನು ಸೌಹಾರ್ದ ಎಂದು ಕರೆಯಲಿಲ್ಲ. ಅದಕ್ಕೆ ಹೆಸರಿಡುವ ಅಗತ್ಯವೇ ಇರಲಿಲ್ಲ.

ಯಂತ್ರ ಬಂದ ಮೇಲೆ

1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಇವು ದಡಕ್ಕೆ ಮೀನು ಬರುವುದನ್ನು ಕಾಯುವುದಿಲ್ಲ. ಕಡಲಿನಲ್ಲೇ ಹಿಂಡನ್ನು ಸುತ್ತುವರಿದು, ಬಲೆಯ ಅಡಿಯನ್ನು ಹಣದ ಚೀಲದ ಬಾಯಿಯಂತೆ ಹಗ್ಗದಿಂದ ಬಿಗಿದು ಎತ್ತಿಬಿಡುತ್ತವೆ. ನೂರು ಜನರ ಕೆಲಸಕ್ಕೆ ಇಪ್ಪತ್ತು-ಮೂವತ್ತು ಜನ ಸಾಕು. ದಡಕ್ಕೆ ಬರಬೇಕಾದ ಬಂಗುಡೆ ದೂರದಲ್ಲೇ ಹಿಡಿಯಲ್ಪಟ್ಟಿತು. ರಂಪಣಿಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಗೋವಾದಲ್ಲಿ ಇದೇ ದಶಕದಲ್ಲಿ ರಂಪಣಿಕಾರರು 'ಏಕ್ವೊಟ್' ಕಟ್ಟಿ ಟ್ರಾಲರುಗಳ ವಿರುದ್ಧ ಬೀದಿಗಿಳಿದರು. ಕೊಂಕಣಿಯಲ್ಲಿ ಏಕ್ವೊಟ್ ಎಂದರೆ ಒಗ್ಗಟ್ಟು. ಇಂಥ ಹೋರಾಟಗಳ ಫಲವಾಗಿ ಗೋವಾ ಮತ್ತು ಕೇರಳದಲ್ಲಿ 1980ರಲ್ಲಿ, ಕರ್ನಾಟಕದಲ್ಲಿ 1986ರಲ್ಲಿ ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ಕಾನೂನುಗಳು ಬಂದವು. ದಡದ ಸಮೀಪದ ನೀರು ಸಾಂಪ್ರದಾಯಿಕ ಮೀನುಗಾರರಿಗೆ ಎಂಬುದು ಅವುಗಳ ಆಶಯ.

ಕಾರ್ಟೂನಿನಲ್ಲಿ ಯಂತ್ರ ಜನರನ್ನು ಸೇರಿಸುತ್ತದೆ, ನಮ್ಮ ಕಡಲಿನಲ್ಲಿ ಅದು ಜನರನ್ನು ಬಿಡಿಸಿತು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅದು ಅರ್ಧ ಸತ್ಯ. ರಂಪಣಿ ಕಳೆದುಕೊಂಡ ಎಷ್ಟೋ ಗುಂಪುಗಳು ತಾವೇ ಒಟ್ಟಾಗಿ ಸಾಲ ಮಾಡಿ ಪರ್ಸೀನ್ ಬೋಟು ಕೊಂಡವು. ಬಲೆಯ ತುಂಡು ಸೇರಿಸಿದ ಅಭ್ಯಾಸವೇ ಬಂಡವಾಳದ ತುಂಡು ಸೇರಿಸಲು ನೆರವಾಯಿತು. ಯಂತ್ರ ತನ್ನಷ್ಟಕ್ಕೆ ಶತ್ರುವಲ್ಲ. ಅದರ ಒಳಗೆ ಎಷ್ಟು ಮಂದಿಗೆ ಜಾಗವಿದೆ, ಹೊರಗುಳ್ಳಿದವರ ಗತಿಯೇನು ಎಂಬುದನ್ನು ಕೇಳದೆ ಅದನ್ನು ತಂದದ್ದು ತಪ್ಪು. ಎಲ್ಲರೂ ಬೋಟು ಕೊಳ್ಳಲಾಗಲಿಲ್ಲ. ತುಂಡು ಬಲೆಯೊಂದೇ ಆಸ್ತಿಯಾಗಿದ್ದವನು ಕೂಲಿಯಾದ ಅಥವಾ ಮುಂಬಯಿಯ ಬಸ್ಸು ಹತ್ತಿದ.

ಇಂದು ಉಳಿದಿರುವುದು ರಂಪಣಿಯ ಕಿರಿಯ ತಮ್ಮನಾದ ಕೈರಂಪಣಿ. ಅದರ ಗುಂಪಿಗೆ ನಮ್ಮ ಕಡೆ 'ಫಂಡು' ಎಂದೇ ಹೆಸರು. ಪಡುಬಿದ್ರಿಯ ಕಾಡಿಪಟ್ಣ, ನಡಿಪಟ್ಣಗಳ ಕಡಲಿನಲ್ಲಿ ಈಗಲೂ ಹಗ್ಗ ಹಿಡಿದ ಎರಡು ಸಾಲುಗಳನ್ನು ಕಾಣಬಹುದು. ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದ ಮೇಲೆ ದೂರದ ಪ್ರವಾಸಿಗರೂ ಬರುತ್ತಾರೆ. ತೀವ್ರ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿಯೇ ನಿಷೇಧಿಸಿದೆ. ಆ ಆಜ್ಞೆ ಕಡಲಿನಲ್ಲಿಯೂ ನಡೆದರೆ ಮಾತ್ರ ದಡದ ಬಲೆಗೆ ಮೀನು ಬರುತ್ತದೆ.

ಯಾವ ದೈತ್ಯನಾಗೋಣ?

ಪಡುಬಿದ್ರಿಯಿಂದ ದಕ್ಷಿಣಕ್ಕೆ, ಹೆಜಮಾಡಿಯನ್ನೂ ಶಾಂಭವಿ ಹೊಳೆಯನ್ನೂ ದಾಟಿದರೆ ಮೂಲ್ಕಿಯ ಬಪ್ಪನಾಡು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಅಲ್ಲಿನ ದುರ್ಗಾಪರಮೇಶ್ವರಿ ಗುಡಿಯನ್ನು ಕಟ್ಟಿಸಿದನೆಂಬುದು ಐತಿಹ್ಯ. ಊರಿನ ಹೆಸರಿನಲ್ಲೇ ಅವನಿದ್ದಾನೆ. ಅಂಥ ಕರಾವಳಿಯಲ್ಲಿ 2022ರ ಮಾರ್ಚ್‌ನಲ್ಲಿ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಡಲು ಅವಕಾಶ ನಿರಾಕರಿಸಲಾಯಿತು. ಅದನ್ನು ಮಾಡಿದವರೂ 'ಒಗ್ಗಟ್ಟು' ಎಂಬ ಪದವನ್ನೇ ಬಳಸಿದರು. ವ್ಯಾಪಾರ ಬಹಿಷ್ಕಾರದ ಕರೆ ಯಾವ ಕಡೆಯಿಂದ ಬಂದರೂ ಅದೇ ಪದವನ್ನು ಬಳಸುತ್ತದೆ. ಆದ್ದರಿಂದಲೇ ಒಗ್ಗಟ್ಟುಗಳನ್ನು ಹೋಲಿಸಿ ನೋಡಬೇಕೆಂದು ನಾವು ಆರಂಭದಲ್ಲೇ ಹೇಳಿದ್ದು.

ಕೆಡವುವುದರಲ್ಲಿ ಮಾತ್ರ ಒಮ್ಮತವಿರುವ ಡಿವಾಸ್ಟೇಟರ್ ಒಂದು ಒಗ್ಗಟ್ಟು. ಸವಾರನನ್ನು ಹೊರುವ ಕುದುರೆ ಇನ್ನೊಂದು. ಅರಸನ ಮುಖವನ್ನೇ ನೋಡುವ ಮುನ್ನೂರು ಜನ ಮತ್ತೊಂದು. ತನ್ನ ತುಂಡನ್ನು ತಂದು, ಪಕ್ಕದವನ ತುಂಡಿಗೆ ಕಟ್ಟಿ, ಬಂದದ್ದನ್ನು ಹಂಚಿಕೊಂಡು, ಸಂಜೆ ತನ್ನ ಮನೆಗೆ ತಾನಾಗಿಯೇ ಮರಳುವ ರಂಪಣಿಯೂ ಒಂದು ಒಗ್ಗಟ್ಟೇ. ಇವುಗಳಲ್ಲಿ ನಮ್ಮ ಹಿರಿಯರು ಕೈಯಾರೆ ಮಾಡಿ, ಅದರಿಂದಲೇ ಹೊಟ್ಟೆ ಹೊರೆದದ್ದು ಕೊನೆಯದನ್ನು ಮಾತ್ರ.

ಅಂದು ಬಲೆ ದಡ ಸೇರುವ ಹೊತ್ತಿಗೆ ಎಳೆಯುವವರು ಸಾಲದಾದರು. ನೋಡುತ್ತ ನಿಂತಿದ್ದ ಕೆಲವರು ಚಪ್ಪಲಿ ಬಿಟ್ಟು ನೀರಿಗಿಳಿದರು. ನೀವು ಯಾವ ಊರಿನವರು, ಯಾವ ಜನ ಎಂದು ಯಾರೂ ಕೇಳಲಿಲ್ಲ. ಹುಡುಗ ತನ್ನ ಕುಂಟ ರೋಬೋಟನ್ನು ಮರಳಿನ ಮೇಲೆ ಮಲಗಿಸಿ ತಾನೂ ಹಗ್ಗದ ತುದಿ ಹಿಡಿದ. ಬಂದ ಮೀನು ಹೆಚ್ಚಿರಲಿಲ್ಲ. ಆದರೂ ಪಾಲು ಹಾಕುವಾಗ ಆ ಹಿರಿಯರು ಹುಡುಗನನ್ನು ಕರೆದು ಅವನ ಕೈಗೆ ನಾಲ್ಕು ಬಂಗುಡೆ ಹಾಕಿದರು.